ಎರಡು ಕಣ್ಣಿನ ದೂರದರ್ಶಕ ಮತ್ತು ಕೊಪ್ಪಳದ ದಕ್ಷಿಣಾಕಾಶ

ಆಕಾಶ ವೀಕ್ಷಣೆ ಆರಂಭಿಸಬೇಕೆನ್ನುವವರು ಮೊದಲು ಕೇಳುವುದು, 'ಯಾವ ದೂರದರ್ಶಕ ಕೊಳ್ಳಲಿ?' ಎಂದು. ಸದ್ಯಕ್ಕೆ ಯಾವುದೂ ಬೇಡ, ಒಂದು ಬೈನಾಕ್ಯುಲರ್ ಸಾಕು ಎಂದರೆ ಅವರ ಮುಖ ಬಾಡುತ್ತದೆ. ನೀವು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರಾದರೆ ಈ ಸಲಹೆಗೆ ಒಂದು ಹೆಚ್ಚಿನ ಕಾರಣವೂ ಇದೆ. ಅದಕ್ಕಾಗಿ ಸ್ವಲ್ಪ ಚರಿತ್ರೆ ನೋಡೋಣ.

ಬೈನಾಕ್ಯುಲರಿಗೆ ದೂರದರ್ಶಕದಷ್ಟೇ ವಯಸ್ಸು. 1608ರಲ್ಲಿ ಕನ್ನಡಕ ತಯಾರಕ ಹಾನ್ಸ್ ಲಿಪ್ಪರ್‌ಹೇ ತನ್ನ ದೂರದರ್ಶಕಕ್ಕೆ ಏಕಸ್ವಾಮ್ಯ ಕೋರಿ ಡಚ್ ಸರ್ಕಾರದ ಮುಂದೆ ಹೋದಾಗ, ಎರಡೂ ಕಣ್ಣಿನಿಂದ ನೋಡುವಂತೆ ಮಾಡಿಕೊಡು ಎಂದು ಅಧಿಕಾರಿಗಳು ಕೇಳಿದರು. ಅದೇ ಡಿಸೆಂಬರಿನಲ್ಲಿ ಆತ ಮಾಡಿಯೂ ಕೊಟ್ಟ. ಏಕಸ್ವಾಮ್ಯ ಮಾತ್ರ ಸಿಗಲಿಲ್ಲ! 1854ರಲ್ಲಿ ಇಟಲಿಯ ಇಗ್ನಾಜಿಯೋ ಪೋರೋ ಪಟ್ಟಕಗಳಿಂದ ಬಿಂಬವನ್ನು ನೆಟ್ಟಗೆ ಮಾಡುವ ಉಪಾಯ ಕಂಡುಕೊಂಡ. 1890ರ ದಶಕದಲ್ಲಿ ಜರ್ಮನಿಯ ಯೇನಾ ಪಟ್ಟಣದಲ್ಲಿ ಅರ್ನ್ಸ್ಟ್ ಆಬೆ ಮತ್ತು ಜೈಸ್ ಕಾರ್ಖಾನೆ ಅದನ್ನು ಇಂದಿನ ರೂಪಕ್ಕೆ ತಂದರು.

1610ರಲ್ಲಿ ಗೆಲಿಲಿಯೊ ಕೃತ್ತಿಕೆಯನ್ನು ನೋಡಿ, ಬರಿಗಣ್ಣಿಗೆ ಕಾಣದ ನಲವತ್ತಕ್ಕೂ ಹೆಚ್ಚು ನಕ್ಷತ್ರಗಳನ್ನು ಅಲ್ಲಿ ಕಂಡ. ಆದರೆ ಆತನ ದೂರದರ್ಶಕದಲ್ಲಿ ಒಮ್ಮೆಗೆ ಕಾಣುತ್ತಿದ್ದುದು ಸುಮಾರು ಕಾಲು ಡಿಗ್ರಿ ಆಕಾಶ, ಅಂದರೆ ಹುಣ್ಣಿಮೆ ಚಂದ್ರನ ಅರ್ಧ ಅಗಲ. ಕೃತ್ತಿಕೆ ಹರಡಿರುವುದು ಸುಮಾರು ಎರಡು ಡಿಗ್ರಿ. ತುಂಡು ತುಂಡಾಗಿ ನೋಡಿ ಆತ ಚಿತ್ರ ಜೋಡಿಸಬೇಕಾಯಿತು. ನಿಮ್ಮ ಕೈಯಲ್ಲಿ 7×50 ಬೈನಾಕ್ಯುಲರ್ ಇದ್ದರೆ ಏಳು ಡಿಗ್ರಿಯಷ್ಟು ಆಕಾಶ ಒಟ್ಟಿಗೆ ಕಾಣುತ್ತದೆ. ಇಡೀ ಕೃತ್ತಿಕೆ ನಡುವೆ ನಿಂತಿರುತ್ತದೆ. ಇಲ್ಲಿ 7 ಎಂಬುದು ವರ್ಧನೆ, 50 ಎಂಬುದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಅಗಲ. ಹಾಗಾಗಿ ಈ ಮಸೂರ ಸಂಗ್ರಹಿಸುವ ಬೆಳಕು ಬರಿಗಣ್ಣಿನ ಐವತ್ತು ಪಟ್ಟು. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಮುದ್ರಿಸಿದ ವರ್ಧನೆಯ ಅಂಕಿ ನೋಡಿ ಮರುಳಾಗುವವರು ಈ ಎರಡನೆಯ ಸಂಖ್ಯೆಯನ್ನು ಗಮನಿಸುವುದೇ ಇಲ್ಲ.

ಇದು ಆಟಿಕೆಯಲ್ಲ. 1983ರಲ್ಲಿ ಇಂಗ್ಲೆಂಡಿನ ಜಾರ್ಜ್ ಆಲ್ಕಾಕ್ ಎಂಬ ನಿವೃತ್ತ ಶಾಲಾ ಶಿಕ್ಷಕರು ಮನೆಯೊಳಗೆ ಕುಳಿತು, ಮುಚ್ಚಿದ ಕಿಟಕಿಯ ಗಾಜಿನ ಮೂಲಕ ಬೈನಾಕ್ಯುಲರಿನಲ್ಲೇ ಒಂದು ಧೂಮಕೇತುವನ್ನು ಪತ್ತೆ ಮಾಡಿದರು. ಐರಾಸ್ ಉಪಗ್ರಹದ ಹೆಸರಿನ ಜೊತೆ ಅವರ ಹೆಸರೂ ಅದಕ್ಕೆ ಸೇರಿದೆ.

ಇನ್ನು ನಮ್ಮ ಸೀಮೆಗೆ ಬನ್ನಿ. 1980ರ ಫೆಬ್ರುವರಿ 16ರ ಖಗ್ರಾಸ ಸೂರ್ಯಗ್ರಹಣದ ಪಥ ಅಂಕೋಲಾ ತೀರದಿಂದ ರಾಯಚೂರಿನತ್ತ ಹಾದುಹೋಯಿತು. ಆಗ ರಾಯಚೂರು ಜಿಲ್ಲೆಯಲ್ಲಿದ್ದ ಈ ನಾಲ್ಕೂ ತಾಲ್ಲೂಕುಗಳು ಅದರೊಳಗೇ ಇದ್ದವು. ಸಿಂಧನೂರಿನ ಬಳಿಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯವರು ಬೀಡುಬಿಟ್ಟಿದ್ದರು. ಆದರೆ ನಾಡಿನ ಬಹುಪಾಲು ಜನ ಬಾಗಿಲು ಹಾಕಿಕೊಂಡು ಒಳಗೆ ಕುಳಿತರು. ಸೂರ್ಯ ಪೂರ್ತಿ ಮುಚ್ಚಿದ ಆ ಎರಡೂವರೆ ನಿಮಿಷ ಬೈನಾಕ್ಯುಲರ್ ಹಿಡಿದಿದ್ದರೆ ಕಿರೀಟದ ಎಳೆಎಳೆ ಕಾಣುತ್ತಿತ್ತು. ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು: ಖಗ್ರಾಸದ ಆ ಕ್ಷಣಗಳ ಹೊರತು, ಮುಂದಿನ ಮಸೂರಗಳಿಗೆ ತಕ್ಕ ಸೌರಶೋಧಕ ಹಾಕದೆ ಬೈನಾಕ್ಯುಲರನ್ನು ಸೂರ್ಯನತ್ತ ತಿರುಗಿಸಿದರೆ ಕಣ್ಣು ಹೋಗುತ್ತದೆ.

ಆರು ವರ್ಷಗಳ ನಂತರ ಹ್ಯಾಲಿ ಧೂಮಕೇತು ಬಂತು. 1986ರ ಏಪ್ರಿಲ್ 11ರಂದು ಅದು ಭೂಮಿಗೆ ಅತ್ಯಂತ ಸಮೀಪದಲ್ಲಿದ್ದಾಗ ಆಕಾಶದ ದಕ್ಷಿಣಕ್ಕೆ ಬಹಳ ಸರಿದಿತ್ತು. ಖಗೋಳ ವಿಷುವದ್ವೃತ್ತದಿಂದ ಸುಮಾರು 47 ಡಿಗ್ರಿ ಕೆಳಗೆ. ಲಂಡನ್ನಿನಲ್ಲಿ ಅದು ಹುಟ್ಟಲೇ ಇಲ್ಲ. ದೆಹಲಿಯಲ್ಲಿ ದಿಗಂತದಿಂದ ಹದಿನಾಲ್ಕು ಡಿಗ್ರಿ ಮೇಲಷ್ಟೇ. 15 ಡಿಗ್ರಿ ಉತ್ತರ ಅಕ್ಷಾಂಶದ ಕೊಪ್ಪಳದಲ್ಲಿ 27 ಡಿಗ್ರಿ ಎತ್ತರ! ಮಸುಕಾಗಿ ಹರಡಿದ್ದ ಆ ಬೆಳಕಿಗೆ ಹೇಳಿ ಮಾಡಿಸಿದ ಉಪಕರಣವೆಂದರೆ ಬೈನಾಕ್ಯುಲರ್.

ಧೂಮಕೇತು ಹೋಯಿತು, 2061ರವರೆಗೆ ಬಾರದು. ಆದರೆ ಅದೇ ನೆರೆಯಲ್ಲಿ, ಅದೇ ಎತ್ತರದಲ್ಲಿ ಪ್ರತಿವರ್ಷ ಕಾಣುವ ಒಮೆಗ ಸೆಂಟಾರಿ ಇದೆ. ಟಾಲೆಮಿ ಇದನ್ನು ಒಂಟಿ ನಕ್ಷತ್ರವೆಂದು ಪಟ್ಟಿಗೆ ಸೇರಿಸಿದ್ದ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ನೋಡಿ, ಇದು ನಕ್ಷತ್ರವಲ್ಲ, ಮಂಜಿನಂತಹ ಮಚ್ಚೆ ಎಂದು ಗುರುತಿಸಿದವನು ಬೇರಾರೂ ಅಲ್ಲ, ಎಡ್ಮಂಡ್ ಹ್ಯಾಲಿಯೇ. ಇಂದು ನಮಗೆ ಗೊತ್ತು: ಸುಮಾರು 17,000 ಜ್ಯೋತಿರ್ವರ್ಷ ದೂರದ, ಒಂದು ಕೋಟಿಯಷ್ಟು ನಕ್ಷತ್ರಗಳ ಗೋಳಗುಚ್ಛ ಇದು. ಯೂರೋಪಿನ ಹೆಚ್ಚಿನ ಹವ್ಯಾಸಿಗಳು ಇದನ್ನು ತಮ್ಮ ಊರಿನಿಂದ ನೋಡಲಾರರು.

ಮೇ ಮಧ್ಯದಲ್ಲಿ ಚಂದ್ರನಿಲ್ಲದ ರಾತ್ರಿ ಹತ್ತೂಕಾಲರ ಸುಮಾರಿಗೆ ಮಾಳಿಗೆ ಏರಿ. ದಕ್ಷಿಣಕ್ಕೆ ಮುಖ ಮಾಡಿದರೆ ಎತ್ತರದಲ್ಲಿ ಬಿಳಿಯ ಚಿತ್ತಾ ನಕ್ಷತ್ರ. ಅಲ್ಲಿಂದ ನೇರ ಕೆಳಗೆ, ಕೈ ಚಾಚಿ ಹಿಡಿದ ಮುಷ್ಟಿಯ ಅಳತೆಯಲ್ಲಿ ಮೂರೂವರೆ ಮುಷ್ಟಿ ಇಳಿಯಿರಿ. ಮೊಣಕೈಗಳನ್ನು ಗೋಡೆಗೆ ಊರಿ ನೋಡಿದರೆ, ಚುಕ್ಕಿಗಳ ನಡುವೆ ಹತ್ತಿಯುಂಡೆಯಂಥದೊಂದು ಕಾಣುತ್ತದೆ. ಕುಷ್ಟಗಿ, ಯಲಬುರ್ಗಾದ ಎರೆ ಬಯಲಿನಲ್ಲಿ ದಿಗಂತ ತೆರೆದಿರುತ್ತದೆ. ಗಂಗಾವತಿಯವರು ದಕ್ಷಿಣದ ಗುಡ್ಡಗಳನ್ನು ತಪ್ಪಿಸಿ ಜಾಗ ಹುಡುಕಬೇಕು. ಕೊಪ್ಪಳ, ಗಿಣಿಗೇರಾ ಸುತ್ತಲಿನವರಿಗೆ ಕಾರ್ಖಾನೆಗಳ ಬೆಳಕು ಮತ್ತು ದೂಳು ಅಡ್ಡಿ. ಊರಿನಿಂದ ಹತ್ತಿಪ್ಪತ್ತು ಕಿಲೋಮೀಟರ್ ದಾಟಿದರೆ ಈಗಲೂ ಸಾಕಷ್ಟು ಕತ್ತಲೆ ಸಿಗುತ್ತದೆ. ಜೂನಿನ ಮೋಡ ಕವಿಯುವ ಮೊದಲೇ ನೋಡಿಬಿಡಿ.