ಆನ್‌ಲೈನ್ ಸೇವಾ ತಂತ್ರಾಂಶಗಳಲ್ಲಿ ಸಂರಚನೆ ಹಾಗೂ ಗೌಪ್ಯ ಕೀಲಿಗಳ ನಿರ್ವಹಣೆ

ಅರ್ಜಿದಾರರ ಮಾಹಿತಿಗಾಗಿ

ಅಂತರಜಾಲದ ಮೂಲಕ ಅರ್ಜಿ ಸ್ವೀಕರಿಸುವ ತಂತ್ರಾಂಶವು ಸಾಮಾನ್ಯವಾಗಿ ಮೂರು ನೆಲೆಗಳಲ್ಲಿ ಇರುತ್ತದೆ: ಸಿದ್ಧಪಡಿಸುವ ನೆಲೆ, ಪರೀಕ್ಷಾ ನೆಲೆ ಹಾಗೂ ಸಾರ್ವಜನಿಕರು ಬಳಸುವ ನೆಲೆ. ಮೂರರಲ್ಲಿಯೂ ತಂತ್ರಾಂಶ ಒಂದೇ, ಬದಲಾಗುವುದು ಸಂರಚನೆ. ಅಂದರೆ, ಅರ್ಜಿಯ ವಿವರಗಳು ಯಾವ ದತ್ತಸಂಚಯದಲ್ಲಿ ದಾಖಲಾಗಬೇಕು, ಶುಲ್ಕವು ಯಾವ ಖಾತೆಗೆ ಸಂದಾಯವಾಗಬೇಕು, ಎಸ್‌ಎಂಎಸ್ ಎಲ್ಲಿಂದ ರವಾನೆಯಾಗಬೇಕು ಎಂಬ ಸೆಟ್ಟಿಂಗ್‌ಗಳು. ಇವುಗಳ ಪೈಕಿ ಪಾಸ್‌ವರ್ಡ್ ಹಾಗೂ ಕೀಲಿಗಳು ಗೌಪ್ಯ ಸ್ವರೂಪದವು.

ಪರೀಕ್ಷಾ ನೆಲೆಯ ವಿಳಾಸ

ಪರೀಕ್ಷಾ ನೆಲೆಗೆ ನೀಡಲಾಗುವ ಪಾವತಿ ಕೀಲಿಯಿಂದ ನೈಜ ಹಣ ಸಂದಾಯವಾಗುವುದಿಲ್ಲ. ಪರದೆಯ ಮೇಲೆ 'ಪಾವತಿ ಯಶಸ್ವಿ' ಎಂದು ಮೂಡಿದರೂ ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿರುವುದಿಲ್ಲ. ಅಲ್ಲಿ ದೊರೆತ ಸ್ವೀಕೃತಿ ಸಂಖ್ಯೆಗೆ ಮಾನ್ಯತೆಯೂ ಇಲ್ಲ. ಕೊನೆಯ ದಿನಾಂಕ ಸಮೀಪಿಸಿದಾಗ ಇತರರು ಮೊಬೈಲಿಗೆ ಕಳುಹಿಸಿದ ಕೊಂಡಿಯನ್ನು ಬಳಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ವಿಳಾಸದಲ್ಲಿ ಟೆಸ್ಟ್, ಯುಎಟಿ ಅಥವಾ ಸ್ಟೇಜಿಂಗ್ ಎಂಬ ಪದಗಳಿದ್ದಲ್ಲಿ ಅರ್ಜಿ ಸಲ್ಲಿಸಕೂಡದು.

ಗೌಪ್ಯ ಕೀಲಿಗಳು

ಕೀಲಿಯನ್ನು ತಂತ್ರಾಂಶದ ಮೂಲ ಸಂಕೇತದಲ್ಲಿಯೇ ಬರೆದಿಡುವುದು ತಿಜೋರಿಯ ಹಿಡಿಗೇ ಬೀಗದ ಕೈ ತೂಗುಹಾಕಿದಂತೆ. ಜಪಾನಿನ ಟೊಯೊಟಾ ಸಂಸ್ಥೆಯ ಟಿ-ಕನೆಕ್ಟ್ ಸೇವೆಯ ಮೂಲ ಸಂಕೇತದ ಒಂದು ಭಾಗವನ್ನು ಗುತ್ತಿಗೆದಾರ ಸಂಸ್ಥೆಯೊಂದು ಗಿಟ್‌ಹಬ್ ತಾಣದಲ್ಲಿ ಸಾರ್ವಜನಿಕವಾಗಿ ಇರಿಸಿತ್ತು. ಅದರಲ್ಲಿ ದತ್ತಾಂಶ ಸರ್ವರಿನ ಕೀಲಿಯೂ ಸೇರಿತ್ತು. 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಇದು ಹಾಗೆಯೇ ಉಳಿಯಿತು. 2,96,019 ಗ್ರಾಹಕರ ಇ-ಮೇಲ್ ವಿಳಾಸ ಹಾಗೂ ಗ್ರಾಹಕ ಸಂಖ್ಯೆಗಳು ಸೋರಿಕೆಯಾಗಿರುವ ಸಾಧ್ಯತೆಯನ್ನು ಸಂಸ್ಥೆಯು 2022ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಇಂತಹ ಸಂದರ್ಭದಲ್ಲಿ ಕಡತವನ್ನು ಅಳಿಸಿದರೆ ಸಾಲದು. ಗಿಟ್ ವ್ಯವಸ್ಥೆಯು ಹಿಂದಿನ ಆವೃತ್ತಿಗಳನ್ನೂ ಉಳಿಸಿಕೊಳ್ಳುವುದರಿಂದ ಕೀಲಿಯನ್ನೇ ರದ್ದುಪಡಿಸಿ ಹೊಸದನ್ನು ಪಡೆಯಬೇಕಾಗುತ್ತದೆ.

ಆದುದರಿಂದ ಪ್ರತಿಯೊಂದು ನೆಲೆಗೂ ಪ್ರತ್ಯೇಕ ಕೀಲಿಗಳಿರಬೇಕು. ಅವುಗಳನ್ನು ಮೂಲ ಸಂಕೇತದಿಂದ ಹೊರಗೆ, ಸರ್ವರಿನ ಪರಿಸರ ಚರಾಂಶಗಳಲ್ಲಿ ಅಥವಾ ಅದಕ್ಕೆಂದೇ ಇರುವ ಭದ್ರ ಕೋಶದಲ್ಲಿ ಇರಿಸಿ, ಯಾರು ಯಾವಾಗ ತೆರೆದರೆಂಬುದನ್ನು ದಾಖಲಿಸಬೇಕು. ಖಜಾನೆಗಳಲ್ಲಿ ಜೋಡಿ ಬೀಗದ ಪದ್ಧತಿ ಹಳೆಯದು. ಇಲ್ಲಿಯೂ ಅದೇ ಎಚ್ಚರ ಸಲ್ಲುತ್ತದೆ. ಪರೀಕ್ಷೆಗಾಗಿ ನೈಜ ಅರ್ಜಿದಾರರ ಆಧಾರ್ ಸಂಖ್ಯೆ, ಜಾತಿ, ಆದಾಯದ ವಿವರಗಳನ್ನು ನಕಲು ಮಾಡಿಕೊಳ್ಳುವುದು ಯಾವ ಕಾರಣಕ್ಕೂ ಸಮರ್ಥನೀಯವಲ್ಲ, ಏಕೆಂದರೆ ಪರೀಕ್ಷಾ ನೆಲೆಯ ಕಾವಲು ಸಾಮಾನ್ಯವಾಗಿ ಸಡಿಲವಾಗಿರುತ್ತದೆ.

ಭಾರತದಲ್ಲಿ ಸರ್ಟ್-ಇನ್ ಸಂಸ್ಥೆಯ ದಿನಾಂಕ 28-04-2022ರ ನಿರ್ದೇಶನದನ್ವಯ, ದತ್ತಾಂಶ ಸೋರಿಕೆಯು ಗಮನಕ್ಕೆ ಬಂದ 6 ಗಂಟೆಗಳೊಳಗಾಗಿ ಸರ್ಕಾರಿ ಸಂಸ್ಥೆಗಳೂ ಸಹ ಅದನ್ನು ವರದಿ ಮಾಡತಕ್ಕದ್ದು.

ಅರ್ಜಿದಾರರು ಗಮನಿಸಬೇಕಾದುದು

ಅರ್ಜಿ ನಮೂನೆಯ ಬದಲಿಗೆ ಸರ್ವರಿನ ಹೆಸರು, ಕಡತದ ಮಾರ್ಗ ಅಥವಾ ಪಾಸ್‌ವರ್ಡ್‌ಗಳನ್ನೊಳಗೊಂಡ ದೋಷದ ಪುಟ ತೆರೆದುಕೊಂಡಲ್ಲಿ, ಅದರ ಚಿತ್ರವನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಿಕೊಳ್ಳದೆ ಸಂಬಂಧಿಸಿದ ಸಹಾಯವಾಣಿಗೆ ಮಾತ್ರ ತಿಳಿಸಬೇಕು. ಕೀಲಿಗಳನ್ನು ಬದಲಾಯಿಸುವ ವೇಳೆಯಲ್ಲಿ ಹಣ ಕಡಿತವಾಗಿ ಸ್ವೀಕೃತಿ ದೊರೆಯದಿರುವ ಸಂಭವವುಂಟು. ಅಂತಹವರು ಬ್ಯಾಂಕಿನ ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಪಾವತಿಯ ಸ್ಥಿತಿಯನ್ನು ಪರಿಶೀಲಿಸುವವರೆಗೆ ಎರಡನೇ ಬಾರಿ ಶುಲ್ಕ ಪಾವತಿಸಬಾರದು.