ನಗಿಸುವವರ ಊಟದ ಲೆಕ್ಕ

ಕಾಲೇಜು ಹುಡುಗರು ಹಾಸ್ಯಸಂಜೆ ಏರ್ಪಡಿಸಹೊರಟರೆ ಮೊದಲು ಮೈಕು, ಶಾಮಿಯಾನದ ಬಾಡಿಗೆ ಲೆಕ್ಕ ಹಾಕುತ್ತಾರೆ. ನಗಿಸಲು ಬರುವವರ ಸಂಭಾವನೆಯ ಮಾತು ಕೊನೆಗೆ. ಕೆಲವೊಮ್ಮೆ ಅದು ಶಾಲು, ಹಾರಕ್ಕೇ ಮುಗಿಯುವುದೂ ಉಂಟು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಹಿಂದೆ ಈ ಲೆಕ್ಕ ಬೇರೆಯೇ ಇತ್ತು. ಅಲ್ಲಿನ ಕೇದಾರೇಶ್ವರ ದೇವಾಲಯದ ಕೋಡಿಯಮಠವನ್ನು ಕ್ರಿ.ಶ. 1162ರ ಶಾಸನವೊಂದು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಜತೆಗೆ ಕಾವ್ಯ, ನಾಟಕಗಳ ವ್ಯಾಸಂಗವೂ ನಡೆಯುತ್ತಿದ್ದ ಸ್ಥಳವದು. ಕಾಳಾಮುಖ ಯತಿಗಳ ಮಠವೆಂದರೆ ಬರೀ ಗಾಂಭೀರ್ಯವೆಂದು ನಾವು ಭಾವಿಸುತ್ತೇವೆ. ಆದರೆ ದೀನರು, ಕುರುಡರು, ಕಿವುಡರಿಗೆ ಮಾತ್ರವಲ್ಲ, ಕಥೆ ಹೇಳುವವರು, ಗಾಯಕರು, ವಾದಕರು, ನಟರಿಗೂ ಅಲ್ಲಿ ಅನ್ನ ಸಿಗುತ್ತಿತ್ತೆನ್ನುತ್ತದೆ ಶಾಸನ. ವಿದ್ಯಾರ್ಥಿ, ಕಲಾವಿದ ಇಬ್ಬರಿಗೂ ಒಂದೇ ಆಶ್ರಯ!

ಇನ್ನು ನಗೆಯ ತಯಾರಿ. ಅದಕ್ಕೆ ಸೊರಬದ ಕಡೆಯ ಯಕ್ಷಗಾನ ನೋಡಬೇಕು. ಪ್ರಸಂಗದಲ್ಲಿ ಪದ್ಯ ಮಾತ್ರ ಬರೆದಿರುತ್ತದೆ; ಹಾಸ್ಯಗಾರನ ಮಾತು ರಂಗದಲ್ಲೇ ಹುಟ್ಟಬೇಕು. ಚೌಕಿಯಲ್ಲಿ ಎದುರು ವೇಷಧಾರಿಯೊಡನೆ ಹೊಂದಿಸಿಕೊಂಡ ನಾಲ್ಕು ಮಾತು, ಆ ಊರಿನ ಸುದ್ದಿ, ಇಷ್ಟೇ ಅವನ ಬಂಡವಾಳ. ದೂತನ ವೇಷ ತೊಟ್ಟು ಅವನು ರಾಜನ ಡೌಲನ್ನೇ ಗೇಲಿ ಮಾಡಬಲ್ಲ. ಕಾಲೇಜಿನಲ್ಲಾದರೋ ಪ್ರಾಂಶುಪಾಲರು ಮುಂದಿನ ಸಾಲಿನಲ್ಲೇ ಕುಳಿತಿರುತ್ತಾರೆ.