ಜೇಬಿನ ಸಂಗೀತ ಪ್ಲೇಯರ್ ಮತ್ತು ಮನೆಯ ಸ್ಪೀಕರ್: ಜೋಡಣೆಯ ಇತಿಹಾಸ

1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿ ವಾಕ್‌ಮನ್ ಟಿಪಿಎಸ್-ಎಲ್2 ಮಾದರಿಗೆ ಸ್ಪೀಕರ್ ಇರಲಿಲ್ಲ, ರೆಕಾರ್ಡ್ ಮಾಡುವ ಅನುಕೂಲವೂ ಇರಲಿಲ್ಲ. ಇಬ್ಬರು ಜೊತೆಯಾಗಿ ಕೇಳಲೆಂದು ಎರಡು ಹೆಡ್‌ಫೋನ್ ಜಾಕ್ ಮಾತ್ರ ಇದ್ದವು. ಮನೆಯ ಸ್ಪೀಕರ್‌ಗೆ ಸೇರಿಸುವ ಯೋಚನೆ ಆ ವಿನ್ಯಾಸದಲ್ಲಿ ಕಾಣುವುದಿಲ್ಲ. ಆದರೂ ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಕ್ಯಾಸೆಟ್, ಸಿಡಿ, ಎಂಪಿ3 ಪ್ಲೇಯರ್‌ಗಳೆಲ್ಲ ಮನೆಯ ಸ್ಪೀಕರಿನಲ್ಲಿ ಹಾಡಿದ್ದು ಬಹುಪಾಲು ಕಿವಿಗೆಂದೇ ಇಟ್ಟ ಆ 3.5 ಮಿಲಿಮೀಟರ್ ಜಾಕಿನ ಮೂಲಕ. ಈ ಕೆಲಸಕ್ಕೆಂದೇ ರೂಪಿಸಿದ ಕನೆಕ್ಟರ್‌ಗಳಿಗಿಂತ ಅದು ಹೆಚ್ಚು ಬಾಳಿತು. ಕಾರಣ, ಅದು ಯಾವ ಒಂದು ಕಂಪನಿಯ ಹಿಡಿತದಲ್ಲೂ ಇರಲಿಲ್ಲ.

ಜಾಕಿನ ಮೂಲ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್. ಅಲ್ಲಿ ಕರೆಗಳನ್ನು ಜೋಡಿಸುತ್ತಿದ್ದ 6.35 ಮಿಲಿಮೀಟರ್ ಪ್ಲಗ್ಗೇ ಕಿರಿದಾಗಿ ಟ್ರಾನ್ಸಿಸ್ಟರ್ ರೇಡಿಯೊಗಳನ್ನು ಸೇರಿತು. ಸ್ಟೀರಿಯೊ ಪ್ಲಗ್ಗಿನ ತುದಿ ಎಡ ಚಾನೆಲ್, ನಡುವಿನ ಉಂಗುರ ಬಲ ಚಾನೆಲ್, ಬುಡ ಎರಡಕ್ಕೂ ಸಮಾನವಾದ ಗ್ರೌಂಡ್. ತಂತಿಯ ಇನ್ನೊಂದು ಕೊನೆಯಲ್ಲಿ ಬಿಳಿ ಮತ್ತು ಕೆಂಪು ಆರ್‌ಸಿಎ ಪಿನ್‌ಗಳಿದ್ದರೆ ಆಂಪ್ಲಿಫೈಯರಿನ ಆಕ್ಸ್ ಇನ್‌ಪುಟ್‌ಗೆ ಚುಚ್ಚಿದರಾಯಿತು. ಇದು ಹೊಂದುವುದಕ್ಕೆ ವಿದ್ಯುತ್ತಿನ ಲೆಕ್ಕವೇ ಆಧಾರ. ಹೆಡ್‌ಫೋನ್ ಔಟ್‌ಪುಟ್ ಕೆಲವು ಹತ್ತು ಓಮ್‌ಗಳ ಹೊರೆಯನ್ನು ನಡೆಸಲು ಶಕ್ತ. ಆಂಪ್ಲಿಫೈಯರಿನ ಇನ್‌ಪುಟ್ ಸಾಮಾನ್ಯವಾಗಿ ಹತ್ತು ಸಾವಿರ ಓಮ್‌ಗಿಂತ ಹೆಚ್ಚು, ಹಾಗಾಗಿ ಅದು ಎಳೆಯುವ ಕರೆಂಟ್ ತೀರಾ ಕಡಿಮೆ. ಅದೇ ಪ್ಲೇಯರನ್ನು 4 ಅಥವಾ 8 ಓಮ್‌ನ ಸಾದಾ ಸ್ಪೀಕರ್‌ಗೆ ನೇರವಾಗಿ ಕೊಟ್ಟರೆ ಕ್ಷೀಣ ದನಿಯಷ್ಟೇ ಬರುತ್ತದೆ. ನಡುವೆ ಆಂಪ್ಲಿಫೈಯರ್ ಬೇಕೇ ಬೇಕು. ಕಂಪ್ಯೂಟರ್ ಜೊತೆ ಬರುವ ಪವರ್ಡ್ ಸ್ಪೀಕರ್‌ಗಳಲ್ಲಿ ಅದು ಒಳಗೇ ಇರುತ್ತದೆ.

ಹೆಡ್‌ಫೋನ್ ಜಾಕಿನ ಈ ದಾರಿಯಲ್ಲಿ ಸದ್ದು ಎರಡು ಬಾರಿ ವರ್ಧನೆಗೊಳ್ಳುತ್ತದೆ, ಶುದ್ಧತೆ ತಗ್ಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಪ್ಲೇಯರಿನ ವಾಲ್ಯೂಮ್ ತೀರಾ ಕೆಳಗಿಟ್ಟು ಆಂಪ್ಲಿಫೈಯರ್ ಏರಿಸಿದರೆ ಹಿಸ್ ಕೂಡ ಏರುತ್ತದೆ. ಪ್ಲೇಯರನ್ನು ಒಡಕು ಸದ್ದು ಬರದಷ್ಟು ಎತ್ತರದಲ್ಲಿಟ್ಟು, ಬೇಕಾದ ಹದವನ್ನು ಆಂಪ್ಲಿಫೈಯರಿನಲ್ಲಿ ಮಾಡಿಕೊಂಡರೆ ಈ ದೋಷ ಬಹಳಷ್ಟು ಇಳಿಯುತ್ತದೆ. ಆಪಲ್ 2003ರಲ್ಲಿ ಐಪಾಡ್‌ಗೆ ತಂದ 30 ಪಿನ್ನಿನ ಕನೆಕ್ಟರ್ ಇನ್ನೂ ಉತ್ತಮ ಪರಿಹಾರ ಕೊಟ್ಟಿತು: ವಾಲ್ಯೂಮ್ ನಿಯಂತ್ರಣವನ್ನು ದಾಟಿಹೋಗುವ ಲೈನ್ ಔಟ್, ಜೊತೆಗೆ ಚಾರ್ಜಿಂಗ್. 2004ರ ಬೋಸ್ ಸೌಂಡ್‌ಡಾಕ್‌ನಂಥ, ಪ್ಲೇಯರನ್ನು ಮೇಲೆ ಕೂರಿಸುವ ಸ್ಪೀಕರ್ ಡಾಕ್‌ಗಳು ಅದನ್ನೇ ನೆಚ್ಚಿಕೊಂಡವು. ತಾಂತ್ರಿಕವಾಗಿ ಇದು ಜಾಕಿಗಿಂತ ಮೇಲು ಎನ್ನಲು ಅಡ್ಡಿಯಿಲ್ಲ. ಆದರೆ 2012ರಲ್ಲಿ ಐಫೋನ್ 5ರೊಡನೆ ಲೈಟ್ನಿಂಗ್ ಎಂಬ ಹೊಸ ಕನೆಕ್ಟರ್ ಬಂದಾಗ, ಏನೂ ಕೆಡದ ಡಾಕ್‌ಗಳು ಅಡಾಪ್ಟರ್ ಇಲ್ಲದೆ ಹೊಸ ಫೋನನ್ನು ಕೂರಿಸಿಕೊಳ್ಳಲಾರದಾದವು. ಆಕ್ಸ್ ಜಾಕ್ ಇದ್ದ ಡಾಕ್‌ಗಳು ಮಾತ್ರ ಆ ತೊಡಕಿನಿಂದ ಪಾರಾದವು.

2016ರ ಐಫೋನ್ 7ರಲ್ಲಿ ಜಾಕೇ ಹೋಯಿತಲ್ಲ, ಹಾಗಾದರೆ ಈ ವಾದ ಬಿದ್ದಂತಲ್ಲವೇ ಎಂದು ಕೇಳಬಹುದು. ಅದರ ಜಾಗಕ್ಕೆ ಬಂದದ್ದು ಯಾವುದು ಎಂಬುದನ್ನು ಗಮನಿಸಬೇಕು. ಸ್ಟೀರಿಯೊ ಸಂಗೀತ ಸಾಗಿಸಲು 2003ರಲ್ಲಿ ಬ್ಲೂಟೂತ್‌ಗೆ ಸೇರಿದ ಎ2ಡಿಪಿ ಪ್ರೊಫೈಲ್ ಎಲ್ಲ ಸಾಧನಗಳೂ ಎಸ್‌ಬಿಸಿ ಎಂಬ ಸಂಕೋಚನ ಕೋಡೆಕ್ ಬೆಂಬಲಿಸಲೇಬೇಕೆಂದು ವಿಧಿಸಿತು. ಸಂಗೀತ ಮತ್ತೊಮ್ಮೆ ಸಂಕುಚಿತಗೊಳ್ಳುವುದು ಅದರ ಕೊರತೆ. ಯಾವ ಫೋನಾದರೂ ಯಾವ ಸ್ಪೀಕರಿಗಾದರೂ ಸೇರುವುದು ಅದರ ಬಲ. ಜಾಕನ್ನು ಅಷ್ಟು ಕಾಲ ಉಳಿಸಿದ್ದೂ ಇದೇ ಗುಣ. ಹಳೆಯ ಆಂಪ್ಲಿಫೈಯರ್‌ಗೆ ಬ್ಲೂಟೂತ್ ಒದಗಿಸುವ ಪುಟ್ಟ ರಿಸೀವರ್‌ಗಳಲ್ಲಿ ಅನೇಕವು ಇಂದಿಗೂ ಸದ್ದನ್ನು ಹೊರಕೊಡುವುದು 3.5 ಮಿಲಿಮೀಟರ್ ಜಾಕಿನಿಂದಲೇ.